ಕಿವಿ ಮೇಸ್ತ್ರಿ ಬಿಗಿದ ಬೆಲ್ಟು

ಊರಿನ ಯಾವ ಮೂಲೆಯಲ್ಲಿ ಕಾರು ಕೆಮ್ಮಿದರೂ ಜನ ಹೇಳುತ್ತಿದ್ದುದು ಒಂದೇ ಮಾತು: "ಕಿವಿ ಮೇಸ್ತ್ರಿಗೆ ಒಂದ್ಸಲ ತೋರಿಸಿ." ತೋರಿಸುವ ಅಗತ್ಯವೂ ಇರಲಿಲ್ಲ, ಕೇಳಿಸಿದರೆ ಸಾಕಿತ್ತು. ಗಾಡಿ ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಅವನು ಚಹಾದ ಲೋಟ ಕೆಳಗಿಟ್ಟು, "ಬಲಗಡೆ ಚಕ್ರದ ಬೇರಿಂಗು" ಅನ್ನುತ್ತಿದ್ದ. ಗಾಡಿಯವನು ಬಂದು ಬಾಯಿ ತೆರೆಯುವಷ್ಟರಲ್ಲಿ ಜಾಕು ಕೈಗೆ ಬಂದಿರುತ್ತಿತ್ತು. ಹೀಗೆ ಹೆಸರು ಬಂತು. ಹೆಸರಿನ ಹಿಂದೆಯೇ ಒಂದಿಷ್ಟು ಕೊಬ್ಬೂ ಬಂತು, ಇಲ್ಲವೆನ್ನಲಾಗದು. ಅವನ ಹತ್ತಿರವೇ ಕೆಲಸ ಕಲಿತವನೊಬ್ಬ ಪಕ್ಕದ ಬೀದಿಯಲ್ಲಿ ಗ್ಯಾರೇಜು ತೆರೆದು, ಬೆಲ್ಟಿನ ಬಿಗಿ ಅಳೆಯುವ ಗೇಜು ತಂದಾಗ ಮೇಸ್ತ್ರಿ ಹತ್ತು ಜನರ ಮುಂದೆ ನಕ್ಕಿದ್ದ. "ಗೇಜು ಬೇಕಾಗೋದು ಕಿವುಡರಿಗೆ ಕಣಪ್ಪ. ನಮಗೆ ದೇವರು ಎರಡು ಕೊಟ್ಟು ಕಳಿಸಿದಾನೆ."

ಆ ಎರಡೂ ಈಗ ಕೈಕೊಡುತ್ತಿದ್ದವು. ಮೊದಲು ಹೋದದ್ದು ಸಣ್ಣ, ಚೂಪು ಸದ್ದುಗಳು: ಬೆಳಗಿನ ಹಕ್ಕಿ, ಕುಕ್ಕರಿನ ಸೀಟಿ, ಫೋನಿನ ಗಂಟೆ. ಗುಟ್ಟಾಗಿ ಕಿವಿಯ ಡಾಕ್ಟರ ಹತ್ತಿರ ಹೋದರೆ, "ಇಷ್ಟು ವರ್ಷ ಗದ್ದಲದಲ್ಲೇ ಇದ್ರಲ್ಲ, ಹೋದದ್ದು ಬರಲ್ಲ" ಎಂದರು. ಮೇಸ್ತ್ರಿ ಅದನ್ನು ಯಾರಿಗೂ ಹೇಳಲಿಲ್ಲ. ಬದಲಿಗೆ ಗ್ಯಾರೇಜಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಂಪ್ರೆಸರ್ ಓಡಿಸತೊಡಗಿದ. ಗಾಳಿ ಹಾಕುವುದಿರಲಿ ಇಲ್ಲದಿರಲಿ, ಅದು ಬಡಿದುಕೊಳ್ಳುತ್ತಲೇ ಇರಬೇಕು. ಬಂದವರೆಲ್ಲ ಕಿರುಚಿಯೇ ಮಾತಾಡುತ್ತಿದ್ದರು. ಇವನು ಮೂರು ಸಲ "ಏನಂದ್ರಿ?" ಎಂದರೂ ತಪ್ಪು ಕಂಪ್ರೆಸರಿನ ತಲೆಗೆ ಹೋಗುತ್ತಿತ್ತು. ಮನೆಯಲ್ಲಿ ಹೆಂಡತಿ, "ನಾನು ಹೇಳಿದ್ದನ್ನ ನೀವು ಕಿವಿಗೆ ಹಾಕ್ಕೊಂಡದ್ದು ಯಾವ ಕಾಲಕ್ಕೆ" ಎಂದು ಗೊಣಗಿ ಸುಮ್ಮನಾಗುತ್ತಿದ್ದಳು. ಗಂಡಂದಿರಿಗೆಲ್ಲ ಇರುವ ಕೆಟ್ಟ ಹೆಸರೇ ಅವನನ್ನು ಕಾಪಾಡಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು, ಅಷ್ಟೇ.

ಹೀಗಿರುವಾಗ ಬೀಗರ ಕಾರು ಬಂತು. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿನ, ಮೇಸ್ತ್ರಿಯ ಮಗಳಿಗಿಂತ ವಯಸ್ಸಾದ ಕೆಂಪು ಸ್ಪೋರ್ಟ್ಸ್ ಕಾರು. ಬೀಗರಿಗೆ ಅದು ಮಗನಿಗಿಂತ ಒಂದು ಕೈ ಹೆಚ್ಚು. "ಸೊಸೆಯ ಅಪ್ಪನೇ ಇರೋವಾಗ ಬೇರೆಯವರ ಕೈ ಯಾಕೆ ಮುಟ್ಟಬೇಕು" ಎಂದು ಟೈಮಿಂಗ್ ಬೆಲ್ಟ್ ಬದಲಿಸಲು ಮಗ ಸೊಸೆಯ ಜೊತೆ ಬೆಟ್ಟದ ಮೇಲಿನ ಮನೆಯಿಂದ ಕಳಿಸಿದ್ದರು. ಇವತ್ತು ಮಧ್ಯಾಹ್ನ ಇಬ್ಬರೂ ಅದೇ ಕಾರಿನಲ್ಲಿ ಒಂದು ಬೆಟ್ಟ ಹತ್ತಿ ಇಳಿದು, ಇನ್ನೊಂದನ್ನು ಹತ್ತಿ ಮನೆ ಸೇರಬೇಕು.

ಟೈಮಿಂಗ್ ಬೆಲ್ಟೆಂದರೆ ಹಲ್ಲಿರುವ ರಬ್ಬರಿನ ಪಟ್ಟಿ. ಎಂಜಿನ್ನಿನ ಮೇಲಿನ ವಾಲ್ವುಗಳನ್ನೂ ಕೆಳಗಿನ ಪಿಸ್ಟನ್ನುಗಳನ್ನೂ ಒಂದೇ ತಾಳದಲ್ಲಿ ಕುಣಿಸುವುದು ಅದೇ. ಸಡಿಲವಾದರೆ ಹಲ್ಲು ಜಾರುತ್ತದೆ, ವಾಲ್ವು ಪಿಸ್ಟನ್ನು ಡಿಕ್ಕಿ ಹೊಡೆದುಕೊಂಡು ಎಂಜಿನ್ ಅಲ್ಲೇ ಸಾಯುತ್ತದೆ. ಅತಿಯಾಗಿ ಬಿಗಿದರೆ ಅದೇ ಬೆಲ್ಟು ತಿರುಗಿಸುವ ನೀರಿನ ಪಂಪಿನ ಬೇರಿಂಗು ಸುಟ್ಟು ಹಿಡಿದುಕೊಳ್ಳುತ್ತದೆ, ಬೆಲ್ಟು ಹರಿಯುತ್ತದೆ, ಕೊನೆ ಅದೇ. ಇಳಿಜಾರಿನಲ್ಲಿ ಎಂಜಿನ್ ಸತ್ತರೆ ಈ ಹಳೆಯ ಗಾಡಿಯ ಬ್ರೇಕು ಕಾಲಿನ ಕೆಳಗೆ ಕಲ್ಲಾಗುತ್ತದೆ, ಒತ್ತಿದರೂ ಹಿಡಿಯುವುದಿಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಆ ರಸ್ತೆಯಿಂದ ಎಳೆದು ತಂದ ಗಾಡಿಗಳನ್ನು ಮೇಸ್ತ್ರಿ ನೋಡಿದ್ದ. ಒಳಗಿನ ಸೀಟುಗಳನ್ನೂ ನೋಡಿದ್ದ.

ಕೆಲಸವೇನೋ ಸಲೀಸಾಗಿ ನಡೆಯಿತು. ಕೈಗೆ ನೆನಪಿತ್ತು. ಹಲ್ಲಿನ ಚಕ್ರಗಳ ಮೇಲಿನ ಗುರುತುಗಳನ್ನು ಎದುರುಬದುರಾಗಿ ತಂದು ನಿಲ್ಲಿಸಿದ, ಹಳೆಯ ಬೆಲ್ಟು ಕಳಚಿದ, ಬಿಗಿ ಹಿಡಿಯುವ ರೋಲರ್ ಹೊಸದು ಹಾಕಿದ, ಹೊಸ ಬೆಲ್ಟು ಕೂರಿಸಿದ. ಎಂಜಿನ್ನನ್ನು ಕೈಯಿಂದಲೇ ಸುತ್ತಿಸಿ ಗುರುತು ಮತ್ತೆ ನೋಡಿದ. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಇನ್ನು ಉಳಿದದ್ದು ಬಿಗಿ. ಅವನ ಪದ್ಧತಿ ಊರಿಗೇ ಗೊತ್ತು: ಬೆಲ್ಟಿನ ಉದ್ದನೆಯ ಪಾಲನ್ನು ಬೆರಳಿನಿಂದ ಮೀಟುವುದು, ಸದ್ದು ಕೇಳುವುದು. ಆಮೇಲೆ ಎಂಜಿನ್ ಓಡಿಸಿ, ಬಿಗಿ ಹೆಚ್ಚಾಗಿ ಕುಂಯ್ ಅಂದರೆ ಒಂದು ಚೂರು ಸಡಿಲಿಸುವುದು.

ಮೀಟಿದ. ಬೆಲ್ಟು ನಡುಗಿದ್ದು ಕಣ್ಣಿಗೆ ಕಂಡಿತು. ಕಿವಿಗೆ ಏನೂ ಬರಲಿಲ್ಲ.

ರೋಲರನ್ನು ಇನ್ನಷ್ಟು ಬಿಗಿದು ಮತ್ತೆ ಮೀಟಿದ. ಇಲ್ಲ. ಕಂಪ್ರೆಸರ್ ಆರಿಸಿ, ಬಾಗಿಲು ಎಳೆದು, ಕಿವಿಯನ್ನು ಬೆಲ್ಟಿಗೇ ತಾಗಿಸುವಷ್ಟು ಬಗ್ಗಿ ಮೀಟಿದ. ಹತ್ತಿ ತುರುಕಿದಂತಿತ್ತು ತಲೆ. ಬೇರೆಯವರು ಮಾಡುವ ಹಾಗೆ ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು ತಿರುಚಿ ನೋಡಿದ. ಬೆಲ್ಟು ಸುಲಭವಾಗಿ ತಿರುಗಿತು. ಆದರೆ ಇಷ್ಟು ವರ್ಷ ಸ್ಪ್ಯಾನರ್ ಹಿಡಿದು ಕಬ್ಬಿಣವಾದ ಬೆರಳುಗಳಿಗೆ ಯಾವ ಬೆಲ್ಟು ತಾನೇ ತಿರುಗುವುದಿಲ್ಲ? ಸಡಿಲವಾಗಿದ್ದರೆ ಎಂಬ ಭಯಕ್ಕೆ ಇನ್ನೊಂದಿಷ್ಟು ಬಿಗಿದ. ಎಂಜಿನ್ ಓಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಒತ್ತಿ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಕೊಟ್ಟ. ಧಡಧಡ ಎಂಬ ಮಂದ ಸದ್ದಷ್ಟೇ ಬಂತು. ಅದರ ಮೇಲೆ ಏನಾದರೂ ಕೂಗುತ್ತಿದೆಯೋ ಇಲ್ಲವೋ ದೇವರೇ ಬಲ್ಲ. ಪಕ್ಕದ ಬೀದಿಗೆ ಹೋಗಿ ಗೇಜು ಕೇಳಲೇ ಎಂದು ಬಾಗಿಲವರೆಗೂ ಹೋದ. ಅಂದು ನಕ್ಕ ನಗೆ ಅಡ್ಡ ಬಂದು ನಿಂತಿತು. ವಾಪಸು ಬಂದು ತಗಡಿನ ಸ್ಟೂಲಿನ ಮೇಲೆ ಕೂತು, "ಅಯ್ಯೋ ದೇವರೇ, ಇವತ್ತು ಒಂದೇ ಒಂದು ಸಲ ಕೇಳಿಸಪ್ಪ" ಎಂದು ಬಾಯಿಬಿಟ್ಟೇ ಬೇಡಿದ. ತನ್ನ ಆ ಮಾತೂ ಅವನಿಗೆ ಅರ್ಧವಷ್ಟೇ ಕೇಳಿಸಿತು.

ಅಷ್ಟರಲ್ಲಿ ಮಗಳು ಬಂದಳು. ಅಳಿಯ ಹೊರಗೆ ಚೀಲ ಹಿಡಿದು ನಿಂತಿದ್ದ.

"ಆಯ್ತಾ ಅಪ್ಪಾ? ಮಾವ ಆಗಲೇ ಎರಡು ಸಲ ಫೋನ್ ಮಾಡಿದ್ರು. ನಮ್ಮನ್ನ ಕೇಳಲಿಲ್ಲ, ಕಾರು ಹೇಗಿದೆ ಅಂತ ಕೇಳಿದ್ರು!"

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು ಮೇಸ್ತ್ರಿಗೆ. ಅವಳು ಲಂಗ ತೊಟ್ಟುಕೊಂಡು ಗ್ಯಾರೇಜಿಗೆ ಬರುತ್ತಿದ್ದ ಕಾಲದಲ್ಲಿ ಅಪ್ಪ ಮಗಳ ನಡುವೆ ಒಂದು ಆಟವಿತ್ತು. ಓಡುವ ಎಂಜಿನ್ ಮುಂದೆ ನಿಲ್ಲಿಸಿ, "ಏನನ್ನುತ್ತೆ ಹೇಳು?" ಎಂದು ಕೇಳುತ್ತಿದ್ದ. ಅವಳು ಹತ್ತಕ್ಕೆ ಒಂಬತ್ತು ಸಲ ಸರಿಯಾಗಿ ಹೇಳುತ್ತಿದ್ದಳು. ನನ್ನ ಕಿವಿ ಮಗಳಿಗೆ ಬಂದಿದೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದ. ಈಗ ಏನೂ ಬಾಯಿಬಿಡದೆ ಆ ಕಿವಿಯನ್ನು ಎರವಲು ಪಡೆದರಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಬಾ ಇಲ್ಲಿ. ಆಟ ಮರೆತಿಲ್ಲ ತಾನೇ? ಏನನ್ನುತ್ತೆ ಹೇಳು, ನೋಡೋಣ," ಎಂದು ಎಂಜಿನ್ ಓಡಿಸಿದ.

ಅವಳು ನಕ್ಕು, ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆಯೇ ಕತ್ತು ಒಂದು ಕಡೆಗೆ ವಾಲಿಸಿ, ಜಡೆಯನ್ನು ಬೆನ್ನಿಗೆ ಎಸೆದು ನಿಂತಳು. ಹುಬ್ಬು ಒಂದಿಷ್ಟು ಗಂಟಾಯಿತು. ಅದನ್ನು ನೋಡುತ್ತ ಮೇಸ್ತ್ರಿಗೆ ಆ ಆತಂಕದ ನಡುವೆಯೂ ನಗು ಬಂತು. ಎಷ್ಟು ದೊಡ್ಡವಳಾದರೂ ಅದೇ ಕತ್ತು, ಅದೇ ಹುಬ್ಬು. ಮಗಳು ಅವನ ಮುಖ ನೋಡಿದಳು. ಹುಬ್ಬು ಸಡಿಲವಾಯಿತು.

"ಸರಿಯಾಗಿದೆ ಅಪ್ಪಾ," ಎಂದು ಕೂಗಿದಳು. "ಫಸ್ಟ್ ಕ್ಲಾಸ್!"

ಎದೆಯ ಮೇಲಿನ ಚಪ್ಪಡಿ ಇಳಿದಂತಾಯಿತು. ಬೆಲ್ಟಿನ ಮುಚ್ಚಳ ಬಿಗಿದು, ಬಾನೆಟ್ ಹಾಕಿ, ಕೀ ಅಳಿಯನ ಕೈಗೆ ಕೊಟ್ಟ. "ನಿಧಾನವಾಗಿ ಹೋಗಿ ಅಳಿಯಂದಿರೇ, ಇಳಿಜಾರಿನಲ್ಲಿ ಗೇರು ಬಿಡಬೇಡಿ" ಎಂದ. ಮಗಳು ಕೂತು ಬಾಗಿಲು ಎಳೆದುಕೊಂಡಳು. ಕಾರು ಮೆಲ್ಲಗೆ ಬೀದಿಗೆ ಇಳಿಯಿತು. ಅಳಿಯ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದ.

ಎದುರಿನ ಕಟಿಂಗ್ ಅಂಗಡಿಯವನು ಬಾಚಣಿಗೆ ಹಿಡಿದೇ ಹೊರಗೆ ಬಂದ. ಕಾರಿನ ಮೂತಿಯ ಕಡೆ ನೋಡಿ, ಹುಣಸೆಹಣ್ಣು ಕಚ್ಚಿದವನಂತೆ ಮುಖ ಹಿಂಡಿ, ಒಂದು ಬೆರಳನ್ನು ಕಿವಿಗೆ ತುರುಕಿಕೊಂಡ.

ಮೇಸ್ತ್ರಿಗೆ ಅರ್ಥವಾಯಿತು. ಒಂದು ಸದ್ದು ಇತ್ತು. ಕಿವಿಗೆ ಬೆರಳಿಡುವಷ್ಟು ಚೂಪಾದ ಸದ್ದು ಅವನ ಮುಂದೆಯೇ ಹಾದುಹೋಗುತ್ತಿತ್ತು, ಅವನ ಮಗಳನ್ನು ಕೂರಿಸಿಕೊಂಡು. ಚಪ್ಪಲಿ ಎಲ್ಲಿ ಕಳಚಿತೋ ತಿಳಿಯಲಿಲ್ಲ. ಓಡಿದ. ತಿರುವಿನ ಹತ್ತಿರ ಬೈಕೊಂದಕ್ಕೆ ದಾರಿ ಬಿಡಲು ಕಾರು ನಿಧಾನಿಸದಿದ್ದರೆ ಸಿಗುತ್ತಿರಲಿಲ್ಲ. ಮುಂದೆ ನುಗ್ಗಿ ಎರಡೂ ಅಂಗೈಗಳನ್ನು ಬಾನೆಟ್ಟಿನ ಮೇಲೆ ಒತ್ತಿ ನಿಂತ.

"ಇಳೀರಿ! ಇಬ್ರೂ ಇಳೀರಿ! ನನಗೆ ಕಿವಿ ಕೇಳಿಸಲ್ಲ! ನಾನು ಬಿಗಿದದ್ದು ನನಗೇ ಗೊತ್ತಿಲ್ಲ!"

ಎಷ್ಟು ಜೋರಾಗಿ ಕೂಗಿದನೋ, ಕಟಿಂಗ್ ಅಂಗಡಿಯಿಂದ ಅರ್ಧ ಕೆನ್ನೆಗೆ ನೊರೆ ಹಚ್ಚಿಕೊಂಡವನೊಬ್ಬ ಎದ್ದು ಬಂದು ನಿಂತ. ಮಹಡಿಗಳ ಕಿಟಕಿ ತೆರೆದವು. ಅಳಿಯನ ತುಟಿ ಆಡುತ್ತಿತ್ತು, ಮಾತು ತಲುಪುತ್ತಿರಲಿಲ್ಲ. ಅಂಗೈ ಕೆಳಗಿನ ನಡುಕ ನಿಂತಾಗ ಎಂಜಿನ್ ಆರಿತೆಂದು ತಿಳಿಯಿತು.

ಮಗಳು ಇಳಿದು ಬಂದಳು. ಅವನ ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು.

"ಆ ಕೂಗು ನನಗೆ ಕೇಳಿಸ್ತು ಅಪ್ಪಾ. ಗ್ಯಾರೇಜಲ್ಲೇ ಕೇಳಿಸ್ತು. ಆದ್ರೆ ನೀನು ನಗ್ತಿದ್ದೆ. ಹಾಗಾದ್ರೆ ಅದು ಹಾಗೇ ಇರಬೇಕೇನೋ ಅಂದ್ಕೊಂಡೆ."

"ಚಿಕ್ಕವಳಿದ್ದಾಗ ಎಲ್ಲ ಸರಿಯಾಗಿ ಹೇಳ್ತಿದ್ದೆಯಲ್ಲೇ!"

"ನಿನ್ನ ಮುಖ ನೋಡಿ ಹೇಳ್ತಿದ್ದೆ. ಯಾವಾಗ್ಲೂ ಅಷ್ಟೇ."

ಮೇಸ್ತ್ರಿ ನಡುರಸ್ತೆಯಲ್ಲಿ ಕಾರಿನ ಬಂಪರಿಗೆ ಒರಗಿ ಕೂತುಬಿಟ್ಟ. ಊರೇ ನೋಡುತ್ತಿದೆ ಎಂದು ಗೊತ್ತಿದ್ದೂ ಹೋ ಎಂದು ಅತ್ತ. ಕಿವಿ ಹೋಯಿತು, ಹೆಸರು ಹೋಯಿತು, ನಾಳೆ ಬಾಗಿಲು ತೆರೆದು ಮಾಡುವುದೇನು ಎಂದು ಅವನಿಗೆ ತಿಳಿಯಲಿಲ್ಲ. ಮಗಳು ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ಗ್ರೀಸಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅಳು ಸ್ವಲ್ಪ ತಹಬಂದಿಗೆ ಬಂದ ಮೇಲೆ ಅವಳ ಗಲ್ಲ ಹಿಡಿದು ತನ್ನಿಂದ ಆಚೆಗೆ, ಕಾರಿನ ಕಡೆಗೆ ತಿರುಗಿಸಿದ.

"ಇನ್ಮೇಲೆ ನನ್ನ ಮುಖ ನೋಡಬೇಡ ಮಗಳೇ," ಎಂದ. "ನಿನಗೆ ಏನು ಕೇಳಿಸುತ್ತೋ ಅದನ್ನ ಹೇಳು."