ಜಪಾನಿ ವ್ಯಾನಿಗೆ ನನ್ನ ಹೆಬ್ಬೆರಳು

ನೀವು ನಂಬುವುದಿಲ್ಲ, ಬಿಡಿ. ಕಾಪುವಿನ ನಮ್ಮ ಅಂಗಳದಲ್ಲಿ ಇಡೀ ಒಂದು ಜಪಾನಿ ವ್ಯಾನು ನನ್ನ ಹೆಬ್ಬೆರಳನ್ನು ನೆಚ್ಚಿಕೊಂಡು ಉಸಿರಾಡಿತ್ತು.

ಎಂಬತ್ತರ ದಶಕ. ವ್ಯಾನು ಮಾಮನದು, ಅಂದರೆ ನನ್ನ ತಾಯಿ, ಉಮ್ಮನ ತಮ್ಮನದು. ದುಬೈಯಲ್ಲಿ ದುಡಿದು ಹಡಗಿನಲ್ಲಿ ತರಿಸಿದ್ದು. ಅದನ್ನು ನೋಡಲು ಬಂದಷ್ಟು ಜನ ಮಾಮನ ಮದುವೆಗೂ ಬಂದಿರಲಿಲ್ಲ. ಅದಕ್ಕಿದ್ದ ಒಂದೇ ಚಟ ಪೆಟ್ರೋಲ್ ಕುಡಿಯುವುದು. ಕಾರ್ಕಳದ ಚಹಾದಂಗಡಿಯಲ್ಲಿ ಯಾರೋ ಮದ್ದು ಹೇಳಿದರು: "ಎಂಜಿನಿನ ಮೇಲೆ ಹೊಗೆ ಶುದ್ಧ ಮಾಡುವ ಸಾಮಾನು ಉಂಟಲ್ಲ, ಅದನ್ನು ತೆಗೆದು ಬಿಸಾಡಿ. ನಮ್ಮ ಊರಿನ ಹೊಗೆಗೆ ಅಷ್ಟು ಮರ್ಯಾದೆ ಎಂತಕ್ಕೆ?"

ಎಂಜಿನ್ ಬಲ್ಲವನು ನಾನು ಎಂದು ಊರಿಗೆಲ್ಲ ನಾನೇ ಸಾರಿದ್ದೆ. ನಂಬಿದ್ದು ಮಾಮ ಒಬ್ಬರೇ. ತಮ್ಮ ರಜೆಯ ಕೊನೆಯ ಸಂಜೆ ಸ್ಪ್ಯಾನರನ್ನು ನನ್ನ ಕೈಗಿಟ್ಟರು. ಆ ಋಣ ಇನ್ನೂ ತೀರಿಲ್ಲ. ಇಬ್ಬರೂ ಸೇರಿ ಬಿಚ್ಚಿದ ಪೈಪುಗಳನ್ನು ಜೋಡಿಸಿದ್ದರೆ ಮಣಿಪಾಲದವರೆಗೆ ನೀರು ಹರಿಸಬಹುದಿತ್ತು.

ಮರುದಿನ ಮಾಮ ಉಡುಪಿಯಲ್ಲಿ ಬೊಂಬಾಯಿ ಬಸ್ಸು ಹತ್ತಬೇಕು. ಬಸ್ಸು ತಪ್ಪಿದರೆ ವಿಮಾನ ಹೋಯಿತು, ವಿಮಾನ ಹೋದರೆ ದುಬೈಯ ಕೆಲಸವೂ ಹೋಯಿತು. ಆದರೂ ಬಸ್‌ಸ್ಟ್ಯಾಂಡಿನಲ್ಲಿ ಸ್ವಂತ ವ್ಯಾನಿನಿಂದಲೇ ಇಳಿಯಬೇಕೆಂದು ಮಾಮನ ಆಸೆ.

ಹೊರಡುವ ಹೊತ್ತಿಗೆ ಕೀ ತಿರುಗಿಸಿದರೆ ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಪ್ಲಗ್ ಉಜ್ಜಿದೆ. ಬ್ಯಾಟರಿಗೆ ಎರಡು ಪೆಟ್ಟು ಕೊಟ್ಟೆ. ನೆರೆಯವರನ್ನೆಲ್ಲ ಕರೆದು ತಳ್ಳಿಸಿದೆ. ವ್ಯಾನು ಬಾವಿಕಟ್ಟೆಯವರೆಗೆ ಹೋಗಿ ನಿಂತಿತು.

ಮೀನು ಮಾರುವ ನೆರೆಮನೆಯ ಅಕ್ಕ ಬುಟ್ಟಿ ಇಳಿಸಿ, ಬಿಚ್ಚಿಟ್ಟ ಸಾಮಾನಿನ ರಾಶಿ ನೋಡಿದರು. "ಕರುಳೆಲ್ಲ ತೆಗೆದು ಆಗಿದೆ ಅಲ್ವಾ? ಇನ್ನು ಮಸಾಲೆ ಹಾಕಿ ಕಾಯಿಸುವುದೊಂದು ಬಾಕಿ."

ಮಾಮ ನಗಲಿಲ್ಲ. ವಾಚು ನೋಡಿದರು.

ಈ ವ್ಯಾನಿನ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಮಾಮನ ಪಕ್ಕದ ಸೀಟು ಎತ್ತಿ ಕಿವಿ ಇಟ್ಟೆ. "ಮಾಮ, ಇನ್ನೊಮ್ಮೆ ತಿರುಗಿಸಿ." ಪೈಪು ಕಿತ್ತ ಜಾಗದ ಒಂದು ತೂತಿನಿಂದ ಹಾವು ಬುಸುಗುಟ್ಟಿದಂತೆ ಸದ್ದು. ಪೈಪು ತೆಗೆದವರು ತೂತು ಮುಚ್ಚಲು ಮರೆತಿದ್ದೆವು. ಎಂಜಿನ್ ಪೆಟ್ರೋಲಿನ ಬದಲು ಕಾಪುವಿನ ಗಾಳಿ ಕುಡಿಯುತ್ತಿತ್ತು. ಹೆಬ್ಬೆರಳು ಒತ್ತಿದೆ. ಕರು ಚೀಪಿದ ಹಾಗೆ ಎಂಜಿನ್ ಬೆರಳನ್ನು ಚೀಪಿ, ಒಮ್ಮೆ ಕೆಮ್ಮಿ, ಹಿಡಿದುಬಿಟ್ಟಿತು.

ಬೆರಳು ಸ್ವಲ್ಪ ಎತ್ತಿದರೆ ಸಾಯುವ ಹಾಗೆ ನಡುಗುತ್ತದೆ, ಒತ್ತಿದರೆ ಬದುಕುತ್ತದೆ.

"ಹೊರಡುವ, ಮಾಮ. ಉಡುಪಿಯವರೆಗೆ ನಾನು ಹೀಗೇ ಬಗ್ಗಿಕೊಂಡು ಬರುತ್ತೇನೆ."

"ಬೆರಳು ಉಳೀತದಾ ಮಾರಾಯ?"

"ಇನ್ನೊಂದು ಉಂಟು."

ಮಾಮ ನಿಜವಾಗಿಯೂ ಗೇರ್ ಹಾಕಿದರು. ಅಷ್ಟರಲ್ಲಿ ಉಮ್ಮ ಸೂಟ್‌ಕೇಸು ಹಿಡಿದುಕೊಂಡು ಅಂಗಳಕ್ಕಿಳಿದು ವ್ಯಾನಿನ ಎದುರು ನಿಂತರು.

"ಮಂಗಳೂರಿನಿಂದ ಬರುವ ಬಸ್ಸು ಉಡುಪಿಗೆ ಹಾರಿಕೊಂಡು ಹೋಗ್ತದಾ? ನಮ್ಮ ಗೇಟಿನ ಎದುರಿಂದಲೇ ಹೋಗುವುದು. ಇಲ್ಲಿ ನಿಲ್ಲಿಸಲಿಕ್ಕೆ ನಿನ್ನೆಯೇ ಏಜೆಂಟನಿಗೆ ಹೇಳಿ ಕಳಿಸಿದ್ದೇನೆ. ಇಳಿ." ಆಮೇಲೆ ನನ್ನ ಕಡೆ ತಿರುಗಿದರು. "ನೀನು ಬೆರಳು ತೆಗಿ."

ತೆಗೆದೆ. ವ್ಯಾನು ಸತ್ತಿತು.

ಮಾಮ ಇಳಿದು, ಕೀಯನ್ನು ಉಮ್ಮನ ಎದುರೇ ನನ್ನ ಮಸಿಗೈಗೆ ಹಾಕಿದರು. "ನಾನು ಬರುವುದರೊಳಗೆ ತೂತು ಮುಚ್ಚಿಡು. ವ್ಯಾನು ನಿನ್ನ ಕೈಯಲ್ಲಿ."

ಅಷ್ಟು ದೊಡ್ಡ ಮಾತನ್ನು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಉಮ್ಮ ಕೈ ಚಾಚಿದರು. "ಕೊಡು ಇಲ್ಲಿ."