ಬಾರಲ್ಲವಂತೆ, ಪಾರ್ಲರಂತೆ!

ನಮ್ಮ ಪೇಟೆಯಲ್ಲಿ, ತಮ್ಮನ ಟೈಲರ್ ಅಂಗಡಿಗೆ ಸರೀ ಎದುರಿನ ಕಟ್ಟಡಕ್ಕೆ ಮದ್ಯದಂಗಡಿ ಬರುತ್ತದೆಂದು ತಿಳಿದ ದಿನ ನನಗೆ ಮೈಯೆಲ್ಲ ಉರಿಯಿತು. ಅವನು ಕುಡಿತ ಬಿಟ್ಟು ಏಳು ತಿಂಗಳಾಗಿತ್ತಷ್ಟೆ. ಇನ್ನು ಹೊಲಿಗೆ ಮೆಷಿನಿನಿಂದ ತಲೆಯೆತ್ತಿದರೆ ಆ ಬೋರ್ಡೇ ಕಾಣಬೇಕು.

ಗ್ರಾಮಸಭೆಯಲ್ಲಿ ಎದ್ದು ನಿಂತು, ಬಾರ್ ಬೇಡವೇ ಬೇಡ ಎಂದೆ. ಕಟ್ಟಡದ ಯಜಮಾನ ನಕ್ಕ.

"ಎಂತ ಟೀಚರೇ, ಬಾರ್ ಅಂತ ಯಾರು ಹೇಳಿದ್ದು? ಇದು ಬಿಯರ್ ಪಾರ್ಲರ್. ಡೀಸೆಂಟ್ ಜಾಗ."

ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳಿಗೆ ಈ ಪುಣ್ಯಾತ್ಮನ ಪಾಠ! ಸುಮ್ಮನಿರಲಾಗಲಿಲ್ಲ. ಪಾರ್ಲರ್ ಎಂಬುದು ಮಾತಾಡುವುದು ಎಂಬರ್ಥದ ಫ್ರೆಂಚ್ ಪದದಿಂದ ಬಂದದ್ದು. ಮೌನದಲ್ಲಿರುತ್ತಿದ್ದ ಕ್ರೈಸ್ತ ಸನ್ಯಾಸಿಗಳಿಗೆ ಮಾತಾಡಲು ಬಿಟ್ಟಿದ್ದ ಕೋಣೆ ಅದು. ಆಮೇಲೆ ಮನೆಗೆ ಬಂದ ನೆಂಟರನ್ನು ಕೂರಿಸುವ ಚಾವಡಿಗೂ ಕೊನೆಗೆ ಅಂಗಡಿಗೂ ಆ ಹೆಸರಾಯಿತು. ಬಾರ್ ಎಂದರೆ ಅಡ್ಡಪಟ್ಟಿ. ಕುಡಿಯುವವನಿಗೂ ಕೊಡುವವನಿಗೂ ನಡುವಿನ ಹಲಗೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ.

"ಬಾರಿನಲ್ಲಾದರೂ ಒಂದು ತಡೆ ಉಂಟು ಮಾರಾಯ್ರೇ. ನೀವು ಚಾವಡಿಗೇ ಬನ್ನಿ ಅಂತ ಕರೀತೀರಲ್ಲ, ನಾಚಿಕೆ ಆಗುದಿಲ್ವಾ?"

ಹೆಂಗಸರೆಲ್ಲ ಚಪ್ಪಾಳೆ ಹೊಡೆದರು. ನನಗೂ ಹುಮ್ಮಸ್ಸು ಏರಿತು, ಸುಳ್ಳೇಕೆ ಹೇಳಲಿ.

"ಕುಡಿಯದವರನ್ನು ನಾವೆಂತ ಕೈಹಿಡಿದು ಎಳೀತೇವಾ?" ಎಂದ ಅವನು.

"ನನ್ನ ತಮ್ಮ ಏಳು ತಿಂಗಳಿಂದ ಹಲ್ಲು ಕಚ್ಚಿ ಕೂತಿದ್ದಾನೆ! ಇನ್ನೊಮ್ಮೆ ಚರಂಡಿಗೆ ಬಿದ್ದರೆ ಎತ್ತಲಿಕ್ಕೆ ನೀವು ಬರ್ತೀರಾ?"

ಚಪ್ಪಾಳೆ ಬೀಳಲಿಲ್ಲ. ಎಲ್ಲರೂ ಹಿಂದಕ್ಕೆ ತಿರುಗಿದರು. ಕೊನೆಯ ಬೆಂಚಿನಲ್ಲಿ ತಮ್ಮ ಕೂತಿದ್ದ. ಅಂಗಡಿ ಮುಚ್ಚಿ ಬಂದಿದ್ದನೆಂದು ನನಗೆ ಗೊತ್ತೇ ಇರಲಿಲ್ಲ.

ಹೊರಗೆ ಬಂದ ಮೇಲೆ ಅವನು ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಚಪ್ಪಲಿ ಹಾಕಿಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದ:

"ಬಿಟ್ಟದ್ದನ್ನು ನಾನು ಯಾರ ಹತ್ರವೂ ಹೇಳಿರ್ಲಿಲ್ಲ ಅಕ್ಕ. ಜನ ಅವರಷ್ಟಕ್ಕೆ ಮರೀಲಿ ಅಂತ ಇದ್ದೆ. ಇನ್ನು ಅಂಗಿಯ ಅಳತೆ ಕೊಡ್ಲಿಕ್ಕೆ ಬಂದವರೆಲ್ಲ ನನ್ನ ಬಾಯಿ ಮೂಸಿ ನೋಡ್ತಾರೆ."

ಛೀ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ! ಆ ಯಜಮಾನನ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ, ಆದರೆ ಅರ್ಧ ನನ್ನ ಕಡೆಗೇ ತಿರುಗಿದೆ. ಪಾರ್ಲರಿಗೆ ಅನುಮತಿಯೂ ಸಿಕ್ಕಿತು, ಗಾಜಿನ ಬಾಗಿಲೂ ಬಂತು. ತಮ್ಮ ಈವರೆಗೆ ಅದರ ಮೆಟ್ಟಿಲು ಹತ್ತಿಲ್ಲ. ನನ್ನ ಮನೆಯದ್ದನ್ನೂ ಹತ್ತಿಲ್ಲ.