ಆಲಕ್ಕೆ ಹೊಯ್ದ ಗೂಡಿನ ನೀರು

ಮದುವೆಯಾಗಿ ರಾಮನಗರಕ್ಕೆ ಬಂದಾಗ ನನ್ನ ಜೊತೆ ಬಂದ ಆಸ್ತಿ ಎಂದರೆ ಮಣ್ಣಿನ ತಟ್ಟೆಯಲ್ಲಿ ಕೂತ ಒಂದು ಆಲದ ಮರ. ಬೋನ್ಸಾಯ್, ಮೊಳದುದ್ದದ್ದು. ತವರಿನಲ್ಲಿ ನಾನೇ ತಂತಿ ಸುತ್ತಿ, ಬೇರು ಕತ್ತರಿಸಿ ಬೆಳೆಸಿದ್ದೆ. ಅತ್ತೆಗೆ ಅದನ್ನು ಕಂಡರಾಗದು. ವರ್ಷಗಳು ಕಳೆದರೂ ನಮಗೆ ಮಕ್ಕಳಾಗದಿದ್ದಾಗ ಅವರ ಬಾಯಿಗೆ ಬೀಗವೇ ಇಲ್ಲದಂತಾಯಿತು.

"ಮರ ಕಟ್ಟಾಕಿ ಮನೇಲಿ ಮಡಗಿದ್ದೀಯ. ಅದ್ಕೇ ಅದು ನಿನ್ನ ಹೊಟ್ಟೇನೂ ಕಟ್ಟಾಕ್ಬುಟ್ಟೈತೆ."

ನಾನು ನಕ್ಕುಬಿಡುತ್ತಿದ್ದೆ. ಗಂಡ ನನ್ನ ಪಕ್ಷ ಎಂಬ ಧೈರ್ಯ. "ಅವ್ವಂಗೆ ಮಾಡಕ್ಕೆ ಕೆಲ್ಸ ಇಲ್ಲ, ಬುಡು" ಎನ್ನುತ್ತಿದ್ದರು ಅವರು. ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ನನ್ನದಾಯಿತು, ದೋಷವೇನೂ ಇರಲಿಲ್ಲ. ಅವರದು ಮಾತ್ರ ನಾಳೆ, ನಾಳೆ. ಹಿತ್ತಲಲ್ಲೇ ನಮ್ಮ ರೇಷ್ಮೆ ನೂಲು ತೆಗೆಯುವ ಶೆಡ್ಡು. ಗೂಡು ಬೇಯಿಸುವುದು ಬಿಟ್ಟು ಕದಲಲು ಪುರುಸೊತ್ತಿಲ್ಲ ಎಂದರೆ ನಂಬುತ್ತಿದ್ದೆ.

ಆ ಬೇಸಿಗೆಯಲ್ಲಿ ಮರ ಎಲೆ ಉದುರಿಸಿತು. ಉಗುರಿನಿಂದ ತೊಗಟೆ ಕೆರೆದೆ, ಒಳಗಿನ್ನೂ ಹಸಿರಿತ್ತು. ತಟ್ಟೆಯಿಂದ ಎಬ್ಬಿಸಿದರೆ ಬೇರು ಕೊಳೆತಿದೆ, ಮಣ್ಣು ನಾರುತ್ತಿದೆ. ನಮ್ಮೂರಿನವರಿಗೆ ಆ ನಾತ ಯಾವುದೆಂದು ಹೇಳಿಕೊಡಬೇಕಿಲ್ಲ. ಗೂಡು ಬೇಯಿಸಿದ ನೀರು.

"ಹುಳದ ನೀರು ಒಳ್ಳೇ ಗೊಬ್ಬರ ಅಂತ ಒಸಿ ಹುಯ್ದೆ ಕಣೇ" ಎಂದರು ಗಂಡ.

ತೋಟದವರು ಬೆಂದ ಹುಳವನ್ನು ಗೊಬ್ಬರಕ್ಕೆ ಒಯ್ಯುವುದು ನಿಜವೇ. ಪ್ರೀತಿ ಹೆಚ್ಚಾಗಿ ಮಾಡಿದ ತಪ್ಪು ಎಂದುಕೊಂಡೆ. ಕೊಳೆತ ಬೇರು ಕತ್ತರಿಸಿ, ಕೆಮ್ಮಣ್ಣಿಗೆ ಮರಳು ಬೆರೆಸಿ ನೆಟ್ಟು, ನೆರಳಲ್ಲಿಟ್ಟು ಪ್ಲಾಸ್ಟಿಕ್ ಚೀಲ ಮುಚ್ಚಿದೆ. ಮಣ್ಣು ಜರಡಿ ಹಿಡಿದುಕೊಟ್ಟವರೂ ಅವರೇ. ಕಾದು ಕಾದು ಕೊನೆಗೊಂದು ದಿನ ಚಿಗುರು ಕಂಡಿತು. ಗಂಡನನ್ನು ಕೂಗಿ ಕರೆದು ತೋರಿಸಿದೆ.

"ಇನ್ನೂ ಜೀವ ಐತಾ ಇದಕ್ಕೆ?" ಎಂದರು. ನನ್ನ ಸಂಭ್ರಮದಲ್ಲಿ ಆ ಮಾತು ನನಗೆ ತಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಹೂವು ತರಲು ಹೊರಟವಳು ಕೈಚೀಲ ಮರೆತು ಹಿಂದಿರುಗಿದೆ. ಅವರು ಮರದ ಮೇಲಿನ ಪ್ಲಾಸ್ಟಿಕ್ ಎತ್ತಿ, ಹಬೆಯಾಡುವ ಚೊಂಬನ್ನು ಬುಡಕ್ಕೆ ಬಗ್ಗಿಸುತ್ತಿದ್ದರು. ಅತ್ತೆ ಮಂಗಳಾರತಿ ನೋಡುವವರಂತೆ ಬಾಗಿಲಲ್ಲಿ ನಿಂತಿದ್ದರು.

"ಮಗು ಆಗ್ಲಿ ಅಂತ್ಲೇ ಕಣೇ" ಎಂದರು ಗಂಡ. "ಅವ್ವ ಹೇಳೋದ್ರಲ್ಲೂ ಒಸಿ ನಿಜ ಐತೆ."

ಮೈಯೆಲ್ಲ ಉರಿದುಹೋಯಿತು. ಅತ್ತೆಯ ಮೇಲಲ್ಲ, ಅವರು ಹೇಳುವುದನ್ನು ನನ್ನ ಮುಖಕ್ಕೇ ಹೇಳಿದ್ದರು. ಇವರು ನನ್ನೆದುರು ಮಣ್ಣು ಜರಡಿ ಹಿಡಿದು ಬೆನ್ನ ಹಿಂದೆ ಕುದಿನೀರು ಹೊಯ್ದರು. ಇಷ್ಟು ವರ್ಷವೂ ದೋಷ ನನ್ನದೇ ಎಂದು ಒಳಗೊಳಗೇ ನಂಬಿಕೊಂಡು, ನನ್ನ ಪಕ್ಕದಲ್ಲೇ ಉಂಡು ಮಲಗಿದ್ದರು. ಆಸ್ಪತ್ರೆಗೆ ಹೋಗಲು ಸಿಗದ ಪುರುಸೊತ್ತು ಇದಕ್ಕೆ ಸಿಕ್ಕಿತ್ತು.

"ಮರ ಹೋಯ್ತು" ಎಂದೆ. "ಇನ್ನು ಯಾರನ್ನ ದೂರ್ತೀರಿ? ನಡೀರಿ, ಈಗ್ಲೇ ಡಾಕ್ಟರ ಹತ್ರ."

ಅವರು ಚೊಂಬು ಕೆಳಗಿಟ್ಟು ತಾಯಿಯ ಮುಖ ನೋಡಿದರು. ನನ್ನ ಮುಖ ನೋಡಲಿಲ್ಲ.

"ಗಂಡುಸ್ರಿಗೆ ಎಂಥಾ ಪರೀಕ್ಷೆನೇ?" ಎಂದರು ಗಂಡ.